ಲತಾ ಜಾತ್ರೆಗೆ ಹೋಗಿದ್ದಳು, ಮಂಜು?

ಪ್ರಶ್ನೆ: ಡೇಟಾ ಸಫಿಶಿಯೆನ್ಸಿಯಲ್ಲಿ (ಉತ್ತರಿಸಲು ಕೊಟ್ಟ ಮಾಹಿತಿ ಸಾಕೇ ಎಂದು ಕೇಳುವ ಪ್ರಶ್ನೆಗಳಲ್ಲಿ) 'ಮಂಜು ಜಾತ್ರೆಗೆ ಹೋಗಿದ್ದನೇ?' ಎಂದು ಕೇಳಿದ್ದರು. ಹೇಳಿಕೆ 1: ಮಂಜು ಹೋಗಿದ್ದರೆ ಲತಾಳೂ ಹೋಗಿರುತ್ತಾಳೆ. ಹೇಳಿಕೆ 2: ಲತಾ ಹೋಗಿದ್ದಳು. 'ಎರಡೂ ಸೇರಿದರೆ ಸಾಕು' ಎಂದು ಬರೆದೆ. ಕೀ ಉತ್ತರದಲ್ಲಿ 'ಸೇರಿದರೂ ಸಾಲದು' ಎಂದಿದೆ. ಕೀ ಉತ್ತರವೇ ತಪ್ಪಲ್ಲವೇ?

ಉತ್ತರ: ತಪ್ಪಿಲ್ಲ. ಹೆಸರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ; ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. ಹೇಳಿಕೆ 1 ತಳ್ಳಿಹಾಕುವುದು ಒಂದೇ ಸಂದರ್ಭವನ್ನು: ಮಂಜು ಹೋಗಿ ಲತಾ ಹೋಗದಿರುವುದು. ಇಬ್ಬರೂ ಹೋಗಿರಬಹುದು, ಇಬ್ಬರೂ ಮನೆಯಲ್ಲೇ ಇದ್ದಿರಬಹುದು, ಲತಾ ಒಬ್ಬಳೇ ಹೋಗಿರಬಹುದು. ಹೇಳಿಕೆ 2 ಸೇರಿದ ಮೇಲೂ ಎರಡು ಉಳಿಯುತ್ತವೆ. ಒಂದರಲ್ಲಿ ಮಂಜು ಜಾತ್ರೆಯಲ್ಲಿದ್ದಾನೆ, ಇನ್ನೊಂದರಲ್ಲಿ ಇಲ್ಲ.

ಮನೆಯಲ್ಲಿ 'ಹೋಂವರ್ಕ್ ಮುಗಿಸಿದರೆ ಆಟ' ಎಂದರೆ, ಮುಗಿಸದಿದ್ದರೆ ಆಟವಿಲ್ಲ ಎಂದೇ ಅರ್ಥ. ಆ ಅಭ್ಯಾಸವನ್ನು ಪರೀಕ್ಷೆಗೆ ತರಬೇಡಿ. 'ಮಾತ್ರ' ಎಲ್ಲಿದೆ ನೋಡಿ. 'ಮಂಜು ಹೋಗಿದ್ದರೆ ಮಾತ್ರ ಲತಾ ಹೋಗಿರುತ್ತಾಳೆ' ಎಂದಿದ್ದರೆ ಲತಾ ಹೋಗಿದ್ದರೆ ಮಂಜುವೂ ಹೋಗಿದ್ದಾನೆ ಎಂದಾಗುತ್ತಿತ್ತು, ನಿಮ್ಮ ಉತ್ತರ ಸರಿಯಾಗುತ್ತಿತ್ತು. 'ಲತಾ ಹೋಗಿದ್ದರೆ ಮಾತ್ರ ಮಂಜು ಹೋಗಿರುತ್ತಾನೆ' ಎಂಬುದು ಹೇಳಿಕೆ 1ರದೇ ಇನ್ನೊಂದು ರೂಪ.

ಈಗ ಹೇಳಿಕೆ 2ನ್ನು 'ಲತಾ ಹೋಗಿರಲಿಲ್ಲ' ಎಂದು ಬದಲಿಸಿ. ಮಂಜುವೂ ಹೋಗಿಲ್ಲ, ಖಚಿತ. ಇಷ್ಟನ್ನು ಸರಿಯಾಗಿ ಕಂಡುಕೊಂಡವರೂ 'ಇಲ್ಲ ಎಂದು ಬಂತು, ಹಾಗಾದರೆ ಸಾಲದು' ಎಂದು ಬರೆಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ಖಚಿತವಾದ 'ಇಲ್ಲ' ಕೂಡ ಉತ್ತರವೇ! ಪರೀಕ್ಷೆಯಲ್ಲಿ ಕೇಳಿದ್ದು ಮಾಹಿತಿ ಸಾಕೇ ಎಂದು.

ನಾನು ಮಾಡುವುದು ಇಷ್ಟೇ: ಹೇಳಿಕೆಗಳಿಗೆ ಧಕ್ಕೆಯಾಗದಂತೆ 'ಹೌದು' ಬರುವ ಸನ್ನಿವೇಶವೊಂದನ್ನು, 'ಇಲ್ಲ' ಬರುವ ಇನ್ನೊಂದನ್ನು ಕಟ್ಟಲು ನೋಡುತ್ತೇನೆ. ಎರಡೂ ಕಟ್ಟಲು ಬಂದರೆ ಮಾಹಿತಿ ಸಾಲದು.

ಪ್ರಶ್ನೆ: 'ಅಥವಾ' ಎಂದರೆ ಎರಡರಲ್ಲಿ ಒಂದು ಮಾತ್ರವೇ?

ಉತ್ತರ: ಅಲ್ಲ. 'ಎರಡೂ ಒಟ್ಟಿಗೆ ಇಲ್ಲ' ಎಂದು ಹೇಳದ ಹೊರತು ಎರಡೂ ಆಗಬಹುದು.

ಪ್ರಶ್ನೆ: ತರ್ಕದ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಬೇಕೇ?

ಉತ್ತರ: ಬೇಡ.

ಪ್ರಶ್ನೆ: ಗೊತ್ತಾಗದಿದ್ದರೆ ಮೂರನೇ ಆಯ್ಕೆ ಹಾಕಿ ಎಂದು ವಿಡಿಯೊ ಒಂದರಲ್ಲಿ ಹೇಳಿದ್ದರು.

ಉತ್ತರ: ಅಂಥವರಿಂದ ದೂರವಿರಿ. ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನಲ್ಲಿ ಮೂರನೆಯದು 'ಎರಡೂ ಸೇರಿದರೆ ಸಾಕು'. ನಮ್ಮ ಬ್ಯಾಂಕ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ 'ಎರಡರಲ್ಲಿ ಯಾವುದಾದರೂ ಒಂದು ಸಾಕು'. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಕಳೆಯುತ್ತಾರೆ. ಖಚಿತವಿಲ್ಲದಿದ್ದರೆ ಬಿಟ್ಟು ಮುಂದೆ ಹೋಗಿ.