ವಾಚಿನಲ್ಲಿ 24 ಅಂತ ಬಂದರೆ ಹಾರ್ಟ್ ವೀಕಾ?

ಪ್ರಶ್ನೆ: ನನಗೆ 56 ವರ್ಷ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. 12 ವರ್ಷದಿಂದ ಶುಗರ್ ಇದೆ. ಹಾರ್ಟ್ ಅಟ್ಯಾಕ್ ಯಾವತ್ತೂ ಆಗಿಲ್ಲ. ಬೆಂಗಳೂರಿನ ಮಗ ಕೊಡಿಸಿದ ಸ್ಮಾರ್ಟ್‌ವಾಚ್‌ನಲ್ಲಿ ಎಚ್‌ಆರ್‌ವಿ (ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತ) ದಿನಾ 24ರ ಆಸುಪಾಸು ಬರುತ್ತದೆ. ಮಗನದು 65. ‘50ಕ್ಕಿಂತ ಕಡಿಮೆ ಇದ್ದರೆ ಸಾವಿನ ಅಪಾಯ 5 ಪಟ್ಟು’ ಅಂತ ಮೊಬೈಲ್‌ನಲ್ಲಿ ಓದಿದ ಮೇಲೆ ನಿದ್ದೆಯೇ ಇಲ್ಲ. ಹಾರ್ಟ್ ವೀಕ್ ಆಗಿದೆಯಾ? ಇದನ್ನು ಏರಿಸಲು ಉಸಿರಾಟದ ಆಪ್ ಇದೆಯಂತೆ, ವರ್ಷಕ್ಕೆ 3,000 ರೂಪಾಯಿ. ತೆಗೆದುಕೊಳ್ಳಲಾ? ಅಂದಹಾಗೆ, ಹಾಸಿಗೆಯಿಂದ ಎದ್ದಾಗ ಸ್ವಲ್ಪ ತಲೆ ಸುತ್ತುತ್ತದೆ. ವಯಸ್ಸಿಗೆ ಇರಬಹುದು.

ಉತ್ತರ: ಮೊದಲು ಆ 50ರ ಲೆಕ್ಕ ಮುಗಿಸೋಣ. ಅದು 1987ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನದ್ದು. ಹಾರ್ಟ್ ಅಟ್ಯಾಕ್ ಆಗಿ ಬದುಕುಳಿದ 808 ಜನರಿಗೆ 24 ಗಂಟೆ ಹೋಲ್ಟರ್ (ಮೈಗೆ ಕಟ್ಟಿಕೊಳ್ಳುವ ಪುಟ್ಟ ಇಸಿಜಿ ಯಂತ್ರ) ಹಾಕಿ, ಬಡಿತಗಳ ನಡುವಿನ ಅಂತರ ಇಡೀ ದಿನ ಎಷ್ಟು ಏರಿಳಿಯುತ್ತದೆ ಅಂತ ಅಳೆದಿದ್ದರು. ಅದು 50 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದವರಿಗೆ, 100ಕ್ಕಿಂತ ಜಾಸ್ತಿ ಇದ್ದವರಿಗಿಂತ, ಸಾವಿನ ಅಪಾಯ 5.3 ಪಟ್ಟು ಇತ್ತು. ನಿಮಗೆ ಅಟ್ಯಾಕೇ ಆಗಿಲ್ಲ. ವಾಚು ಅಳೆಯುವುದೂ ಬೇರೆ. ಹೆಚ್ಚಿನ ವಾಚುಗಳು ನೀವು ಮಲಗಿರುವಾಗ ಮಣಿಕಟ್ಟಿಗೆ ಹಸಿರು ಬೆಳಕು ಬಿಟ್ಟು, ಒಂದು ಅಂತರಕ್ಕೂ ಅದರ ಪಕ್ಕದ ಅಂತರಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡುತ್ತವೆ. ಎರಡನ್ನೂ ಮಿಲಿಸೆಕೆಂಡ್‌ನಲ್ಲೇ ಹೇಳುವುದರಿಂದ ಈ ಗೊಂದಲ. ಹಸಿ ಅಡಿಕೆ ಧಾರಣೆಯನ್ನು ಒಣಗಿಸಿದ ರಾಶಿ ಇಡಿ ಧಾರಣೆಗೆ ಯಾರಾದರೂ ಹೋಲಿಸಿದರೆ ನೀವು ನಗುತ್ತೀರಿ, ಅಲ್ವಾ?

ನಾಡಿ ನಿಮಿಷಕ್ಕೆ 70 ಇದ್ದರೂ ಬಡಿತಗಳು ಸಮ ಅಂತರದಲ್ಲಿ ಬರುವುದಿಲ್ಲ. ಉಸಿರು ಎಳೆದಾಗ ಚೂರು ಬೇಗ, ಬಿಟ್ಟಾಗ ಚೂರು ನಿಧಾನ. ಇದನ್ನು ಬಹುಪಾಲು ನಡೆಸುವುದು ಮಿದುಳಿನಿಂದ ಇಳಿದು ಬರುವ ವೇಗಸ್ ನರ. ವಯಸ್ಸಾದಂತೆ ಈ ಏರಿಳಿತ ಕಡಿಮೆಯಾಗುತ್ತದೆ. ಹಾಗಾಗಿ ಮಗನ 65 ಮಗನಿಗೇ ಇರಲಿ. ಜ್ವರ ಬಂದರೂ, ರಾತ್ರಿ ಎರಡು ಪೆಗ್ ಹಾಕಿದರೂ, ನಿದ್ದೆಗೆಟ್ಟರೂ ಇಳಿಯುತ್ತದೆ. ಜಾಸ್ತಿ ಬಂದರೆ ಒಳ್ಳೆಯದು ಅಂತಲೂ ಅಲ್ಲ. ಏಟ್ರಿಯಲ್ ಫಿಬ್ರಿಲೇಶನ್ ಇದ್ದು ಬಡಿತದ ತಾಳವೇ ತಪ್ಪಿದವರಿಗೆ ದೊಡ್ಡ ಅಂಕಿ ಬರಬಹುದು.

ನಿಜ ಹೇಳಬೇಕೆಂದರೆ, ನಾನು ಎರಡು ಸಲ ಓದಿದ್ದು ನೀವು ‘ಅಂದಹಾಗೆ’ ಅಂತ ಕೊನೆಯಲ್ಲಿ ಸೇರಿಸಿದ ಮಾತನ್ನು. ಬಹಳ ವರ್ಷ ಶುಗರ್ ಇದ್ದವರಿಗೆ ಕಾಲಿನ ನರಗಳ ಹಾಗೆ ಹೃದಯದ ನರಗಳೂ ಕೆಡಬಹುದು. ಆಗ ಬಡಿತದ ಏರಿಳಿತ ಕಡಿಮೆಯಾಗುತ್ತದೆ. ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತದೆ. ನಿಮಗೆ ಅದೇ ಆಗಿದೆ ಅಂತ ಪತ್ರ ನೋಡಿ ಹೇಳಲಾರೆ. ಆದರೆ ಪರೀಕ್ಷೆ ಸುಲಭ. ಮಲಗಿಸಿ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡುತ್ತಾರೆ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಗಮನಿಸಬೇಕು. ಆಮೇಲೆ ಇಸಿಜಿ ಹಾಕಿ, ನಿಮಿಷಕ್ಕೆ ಆರು ಸಲ ಆಳವಾಗಿ ಉಸಿರಾಡಿಸುತ್ತಾರೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ನಾಡಿಯ ನಡುವೆ 15 ಬಡಿತದ ವ್ಯತ್ಯಾಸ ಇದ್ದರೆ ಚೆನ್ನಾಗಿದೆ. 10ಕ್ಕಿಂತ ಕಡಿಮೆ ಇದ್ದರೆ ನರಗಳ ಮೇಲೆ ಅನುಮಾನ, ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಈ ವಾರವೇ ವೈದ್ಯರ ಹತ್ತಿರ ಹೋಗಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಕೆಲವು ಬಿಪಿ ಮಾತ್ರೆಯಿಂದಲೂ ಹೀಗೆ ತಲೆ ಸುತ್ತಬಹುದು, ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಇನ್ನೊಂದು ವಿಷಯ ಮನೆಯವರಿಗೂ ಹೇಳಿಡಿ: ಈ ನರಗಳು ಕೆಟ್ಟವರಿಗೆ ಹಾರ್ಟ್ ಅಟ್ಯಾಕ್ ಎದೆನೋವು ಇಲ್ಲದೆಯೂ ಬರಬಹುದು. ಏಕಾಏಕಿ ಬೆವರು, ಏದುಸಿರು, ವಿಪರೀತ ಸುಸ್ತು ಬಂದರೆ ವಾಚ್ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಆಪ್‌ಗೆ ದುಡ್ಡು ಕೊಡಬೇಡಿ. 2001ರಲ್ಲಿ ಇಟಲಿಯ ವೈದ್ಯರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಮತ್ತು ‘ಓಂ ಮಣಿ ಪದ್ಮೇ ಹುಂ’ ಮಂತ್ರ ಹೇಳಿಸಿ ನೋಡಿದ್ದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿದು, ನಾಡಿಯ ಏರಿಳಿತ ಹೆಚ್ಚಾಯಿತು. ನಿಮಗೆ ಇಷ್ಟವಾದದ್ದನ್ನು ನಿಧಾನವಾಗಿ ಹೇಳಿಕೊಳ್ಳಿ, ಪುಕ್ಕಟೆ.