ಡಿಫರೆನ್ಷಿಯಲ್ ಸೀಲ್ ಹೋಗಿದೆ ಅಂತ ಗೊತ್ತಾಗೋದು ಹೇಗೆ? ತಡೆಯೋದು ಹೇಗೆ?

ಬೊಲೆರೊದಂಥ, ಎಂಜಿನ್ ಹಿಂಬದಿ ಚಕ್ರ ಓಡಿಸುವ ಗಾಡಿ ಅಂದುಕೊಂಡು ಹೇಳ್ತೀನಿ. ಡಿಫರೆನ್ಷಿಯಲ್ ಅಂದ್ರೆ ಎಂಜಿನ್ ಶಕ್ತಿಯನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ. ಸೀಲ್ ಅಂದ್ರೆ ಅದರ ಎಣ್ಣೆ ಹೊರಗೆ ಸೋರದಂತೆ ತಡೆಯುವ ಬಳೆ. ಮೊದಲು ಪ್ರೊಪೆಲ್ಲರ್ ಶಾಫ್ಟ್ (ಗಾಡಿಯ ಕೆಳಗೆ ಹಿಂದಕ್ಕೆ ಬರುವ, ತಿರುಗುವ ಉದ್ದ ದಂಡ) ಡಿಫರೆನ್ಷಿಯಲ್‌ಗೆ ಸೇರುವ ಜಾಗ ನೋಡಿ. ಅಲ್ಲಿ ಎಣ್ಣೆಗೆ ಧೂಳು ಅಂಟಿ ಕಪ್ಪಗೆ ಮೆತ್ತಿದ್ದರೆ ಅಲ್ಲಿರುವ ಪಿನಿಯನ್ ಸೀಲ್ ಮೇಲೆ ಅನುಮಾನ ಪಡಬೇಕು. ಗೇರ್ ಆಯಿಲ್‌ಗೆ ಗಂಧಕದ ಕೆಟ್ಟ ವಾಸನೆ ಇರುತ್ತದೆ, ಮೂಗಿಗೇ ಗೊತ್ತಾಗುತ್ತೆ. ಹಿಂದಿನ ಚಕ್ರದ ಒಳಮೈಯಲ್ಲಿ ಎಣ್ಣೆ ಗೆರೆ ಕಂಡರೆ ಆಕ್ಸಲ್ (ಚಕ್ರ ತಿರುಗಿಸುವ ದಂಡ) ಸೀಲ್ ಹೋಗಿರಬಹುದು. ಇದನ್ನು ಮುಂದಕ್ಕೆ ಹಾಕಬೇಡಿ. ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಇಳಿದರೆ ಬ್ರೇಕ್ ಹಿಡಿಯಲ್ಲ. ಗುಂಯ್ ಅನ್ನೋ ಸದ್ದು ಬರುವ ಹೊತ್ತಿಗೆ ಎಣ್ಣೆ ತುಂಬಾ ಇಳಿದಿರುತ್ತೆ.

ಸೀಲ್ ಬದಲಿಸುವ ಮುಂಚೆ ಬ್ರೀದರ್ ನೋಡಿಸಿ. ಆಕ್ಸಲ್ ಕೇಸಿಂಗ್ ಮೇಲಿರುವ ಪುಟ್ಟ ಉಸಿರುಗಂಡಿ ಅದು. ಕೆಸರು ತುಂಬಿ ಮುಚ್ಚಿಕೊಂಡರೆ, ಬಿಸಿಯಾದಾಗ ಒಳಗಿನ ಒತ್ತಡ ಎಣ್ಣೆಯನ್ನು ಸೀಲ್ ದಾಟಿಸಿ ತಳ್ಳುತ್ತದೆ. ಸುಮ್ನೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತೆ, ಅಲ್ವಾ? ಬೇರಿಂಗ್ ಸವೆದು ಅಲುಗಾಡುತ್ತಿದ್ದರೂ ಇದೇ ಕಥೆ. ಎಣ್ಣೆ ಜಾಸ್ತಿ ತುಂಬಿಸುವುದೂ ತಪ್ಪು. ಸಾಮಾನ್ಯವಾಗಿ ಎಣ್ಣೆ ತುಂಬಿಸುವ ಫಿಲ್ಲರ್ ತೂತಿನ ಕೆಳ ಅಂಚಿನ ಮಟ್ಟ ಸಾಕು, ಗಾಡಿ ಸಮತಟ್ಟಾಗಿ ನಿಂತಿರಬೇಕು. ಪಿನಿಯನ್ ಸೀಲ್ ಬದಲಿಸೋಕೆ ಪಿನಿಯನ್ ನಟ್ ಬಿಚ್ಚುವ ಕೆಲಸ ಮಾತ್ರ ಬಲ್ಲವರಿಗೇ ಬಿಡಿ. ಮತ್ತೆ ಬಿಗಿ ಮಾಡುವಾಗ ಅಳತೆ ತಪ್ಪಿದರೆ ಬೇರಿಂಗೇ ಹಾಳು.