ಅಪ್ಪನ ಶುಗರ್, ನೆನಪಿಸಿದರೆ ಸಿಟ್ಟು

ಮಾತ್ರೆ ತಗೊಂಡ್ರಾ, ಶುಗರ್ ನೋಡಿಕೊಂಡ್ರಾ ಎಂದು ಕೇಳಿದಾಗಲೆಲ್ಲ ನಿಮ್ಮ ತಂದೆ ರೇಗುತ್ತಾರೆ ಎಂದು ಬರೆದಿದ್ದೀರಿ. ಒಮ್ಮೆ ಪ್ರಶ್ನೆಯನ್ನೇ ಬದಲಿಸಿ: 'ಇದರಲ್ಲಿ ನಿಮಗೆ ತುಂಬ ಕಷ್ಟ ಯಾವುದು, ಅಪ್ಪ?' ಉತ್ತರಕ್ಕೆ ಕಾಯಿರಿ. ನಾವು ಉದಾಸೀನ ಎಂದುಕೊಂಡದ್ದು ಎಷ್ಟೋ ಸಲ ಸೂಜಿಯ ನೋವು, ಹೊಟ್ಟೆ ತೊಳಸುವುದು ಅಥವಾ ಅಂಕಿ ಜಾಸ್ತಿ ಬಂದರೆ ಬೈಸಿಕೊಳ್ಳಬೇಕಲ್ಲ ಎಂಬ ಭಯ.

ಇವಕ್ಕೆಲ್ಲ ದಾರಿಯಿದೆ. ಬೆರಳ ತುದಿಯ ನಡುವೆ ಚುಚ್ಚುವ ಬದಲು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯಿಂದ ಹೊಟ್ಟೆ ಕೆಡುತ್ತಿದ್ದರೆ ಊಟದ ಜೊತೆ ತೆಗೆದುಕೊಳ್ಳಬಹುದು. ಡಾಕ್ಟರಿಗೆ ಹೇಳಿದರೆ ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಲೂಬಹುದು. ಶುಗರ್ ಅಳೆಯುವ ಗ್ಲುಕೋಮೀಟರ್ ಅವರ ಕೈಯಲ್ಲೇ ಇರಲಿ, ಅಂಕಿಯನ್ನು ಅವರೇ ಬರೆದಿಡಲಿ. ಅದನ್ನು ನೋಡಿ ದಯವಿಟ್ಟು ಮುಖ ಗಂಟಿಕ್ಕಬೇಡಿ. ಒಂದು ದಿನದ ಅಂಕಿಯಿಂದ ತೀರ್ಪು ಕೊಡಲಾಗದು. 2-3 ತಿಂಗಳ ಸರಾಸರಿ ತೋರಿಸಲು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಇದೆ.

ಒಂದು ವಿಷಯ ಮಾತ್ರ ಮನೆಯವರೆಲ್ಲರಿಗೂ ಗೊತ್ತಿರಲೇಬೇಕು. ಶುಗರ್ 70ಕ್ಕಿಂತ ಕೆಳಗಿಳಿದರೆ, ಎಚ್ಚರವಿದ್ದಾಗ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.